ಲೆಮಿಂಗ್‌ಗಳು ತಾವಾಗಿ ಹಾರಲಿಲ್ಲ

ಉತ್ತರ ಧ್ರುವದ ಸುತ್ತಲಿನ ಹಿಮನಾಡಿನಲ್ಲಿ ಬದುಕುವ ಲೆಮಿಂಗ್ ಎಂಬ ಪುಟ್ಟ ಪ್ರಾಣಿ ಇಲಿಯ ಬಳಗಕ್ಕೆ ಸೇರಿದ್ದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಗಿಡ್ಡ ಬಾಲ, ಹುಲ್ಲು-ಪಾಚಿಯ ಆಹಾರ. ಇದನ್ನು ಕಣ್ಣಾರೆ ಕಂಡವರು ಕಡಿಮೆ. ಆದರೂ ಇದರ ಬಗ್ಗೆ ಒಂದು ಸಂಗತಿ ಜಗತ್ತಿಗೆಲ್ಲ ಗೊತ್ತು: ಸಂಖ್ಯೆ ಮಿತಿಮೀರಿದಾಗ ಲೆಮಿಂಗ್‌ಗಳು ಹಿಂಡುಗಟ್ಟಿಕೊಂಡು ಓಡುತ್ತವೆ, ಕಡಿದಾದ ಬಂಡೆಯ ತುದಿಯಿಂದ ಸಮುದ್ರಕ್ಕೆ ಹಾರಿ ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ. ನಾವು ಕುರಿಮಂದೆ ಎನ್ನುವ ಕಡೆಯಲ್ಲಿ ಇಂಗ್ಲಿಷ್ ಬಲ್ಲವರು 'ಲೆಮಿಂಗ್‌ಗಳ ಹಾಗೆ' ಎನ್ನುತ್ತಾರೆ. ರಾಜಕೀಯ ವ್ಯಂಗ್ಯಚಿತ್ರಗಳಲ್ಲಿ ಲೆಮಿಂಗ್ ಬರುತ್ತದೆ. 1991ರಲ್ಲಿ ಅದೇ ಹೆಸರಿನ ಕಂಪ್ಯೂಟರ್ ಆಟವೂ ಬಂದು ಜನಪ್ರಿಯವಾಯಿತು.

ಈ ಸಂಗತಿಯಲ್ಲಿ ಒಂದೇ ಒಂದು ದೋಷವಿದೆ. ಅದು ಸುಳ್ಳು.

ಲೆಮಿಂಗ್‌ಗಳ ಸಂಖ್ಯೆ ಸಾಮಾನ್ಯವಾಗಿ 3-4 ವರ್ಷಗಳಿಗೊಮ್ಮೆ ವಿಪರೀತ ಏರಿ ಮತ್ತೆ ಕುಸಿಯುತ್ತದೆ ಎಂಬುದು ನಿಜ. ನಾರ್ವೆ, ಸ್ವೀಡನ್ನಿನ ಬೆಟ್ಟಗಳಲ್ಲಿ ಹೀಗೆ ಹೆಚ್ಚಿದ ಲೆಮಿಂಗ್‌ಗಳು ಹೊಸ ಜಾಗ ಹುಡುಕುತ್ತ ಚದುರುತ್ತವೆ. ನದಿ, ಸರೋವರಗಳು ಅಡ್ಡ ಬಂದರೆ ಈಜಲು ನೋಡುತ್ತವೆ. ಕೆಲವು ಮುಳುಗಿ ಸಾಯುತ್ತವೆ. ಅದು ವಲಸೆಯ ಅವಘಡವೇ ಹೊರತು ಆತ್ಮಹತ್ಯೆಯಲ್ಲ. ಇನ್ನು ಸಂಖ್ಯೆಯ ಏರಿಳಿತದ ಮಾತು. ಗ್ರೀನ್‌ಲ್ಯಾಂಡಿನಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ವಿಜ್ಞಾನಿಗಳು 2003ರಲ್ಲಿ ಅಲ್ಲಿನ ಲೆಕ್ಕ ಒಪ್ಪಿಸಿದರು. ಹಿಮಗೂಬೆ, ಧ್ರುವ ನರಿ, ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಗಾರ ಪ್ರಾಣಿ ಮತ್ತು ಸ್ಕುವಾ ಎಂಬ ಕಡಲಹಕ್ಕಿ, ಈ ನಾಲ್ವರು ತಿನ್ನುವ ಲೆಕ್ಕದಿಂದಲೇ ಆ ಏರಿಳಿತವನ್ನು ವಿವರಿಸಬಹುದೆಂದು ಅವರು ತೋರಿಸಿಕೊಟ್ಟರು.

ಹಾಗಿದ್ದರೆ ಬಂಡೆಯಿಂದ ಹಾರುವ ಲೆಮಿಂಗ್‌ಗಳು ಎಲ್ಲಿಂದ ಬಂದವು? ಲೆಮಿಂಗ್ ಕುರಿತ ಕಟ್ಟುಕಥೆಗಳು ಹಳೆಯವೇ. ಅವು ಆಕಾಶದಿಂದ ಮಳೆಯ ಜೊತೆ ಉದುರುತ್ತವೆ ಎಂದು 16ನೇ ಶತಮಾನದ ಯೂರೋಪಿನ ಪಂಡಿತರು ಬರೆದದ್ದುಂಟು. ಆತ್ಮಹತ್ಯೆಯ ಕಥೆಯೂ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಆದರೆ ಹೇಳಿದ ಕಥೆಯನ್ನು ನಂಬದವರೂ ಕಂಡದ್ದನ್ನು ನಂಬುತ್ತಾರೆ. ಆ 'ಕಂಡದ್ದನ್ನು' ಒದಗಿಸಿದ್ದು 1958ರ ಒಂದು ಸಾಕ್ಷ್ಯಚಿತ್ರ.

ಆಸ್ಕರ್ ಪಡೆದ ಸುಳ್ಳು

ವಾಲ್ಟ್ ಡಿಸ್ನಿ ಸಂಸ್ಥೆಯ 'ವೈಟ್ ವೈಲ್ಡರ್‌ನೆಸ್' ಧ್ರುವ ಪ್ರದೇಶದ ಜೀವಿಗಳ ಕುರಿತ ಚಿತ್ರ. ಹಲವು ಛಾಯಾಗ್ರಾಹಕರು ವರ್ಷಗಟ್ಟಲೆ ಚಳಿಯಲ್ಲಿ ದುಡಿದು ತಂದ ದೃಶ್ಯಗಳು ಅದರಲ್ಲಿವೆ. ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಚಿತ್ರದ ನಡುವೆ ಲೆಮಿಂಗ್‌ಗಳ ಮಹಾವಲಸೆ ಬರುತ್ತದೆ. ನಿರೂಪಕನ ಗಂಭೀರ ಧ್ವನಿಯ ಹಿನ್ನೆಲೆಯಲ್ಲಿ ಅವು ಬಂಡೆಯಂಚಿಗೆ ಬಂದು ಒಂದೊಂದಾಗಿ ಕೆಳಗೆ ಬೀಳುತ್ತವೆ. ಕೊನೆಗೆ ನೀರಿನ ಮೇಲೆ ತೇಲುವ ಪುಟ್ಟ ದೇಹಗಳು.

ಸುಮಾರು ಕಾಲು ಶತಮಾನದ ನಂತರ, 1982ರಲ್ಲಿ, ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ 'ಕ್ರೂಯಲ್ ಕ್ಯಾಮೆರಾ' ಎಂಬ ತನಿಖಾ ಕಾರ್ಯಕ್ರಮ ಪ್ರಸಾರ ಮಾಡಿತು. ವರದಿಗಾರ ಬಾಬ್ ಮೆಕಿಯೋನ್ ಬಯಲಿಗೆಳೆದ ಸತ್ಯ ಹೀಗಿತ್ತು: ಲೆಮಿಂಗ್ ದೃಶ್ಯವನ್ನು ಚಿತ್ರಿಸಿದ್ದು ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ. ಆ ಪ್ರಾಂತಕ್ಕೆ ಸಮುದ್ರವೇ ಇಲ್ಲ. ಚಿತ್ರೀಕರಣ ನಡೆದ ಜಾಗ ಆ ಲೆಮಿಂಗ್‌ಗಳ ನೆಲೆಯೂ ಅಲ್ಲ. ದೂರದ ಮ್ಯಾನಿಟೋಬಾದಲ್ಲಿ ಇನ್ಯುಯಿಟ್ ಮಕ್ಕಳು ಹಿಡಿದುಕೊಟ್ಟ ಲೆಮಿಂಗ್‌ಗಳನ್ನು ಕೊಂಡು ತರಲಾಗಿತ್ತು. ಹಿಮ ಹರಡಿದ ತಿರುಗುವ ಮೇಜಿನ ಮೇಲೆ ಅವನ್ನು ಓಡಿಸಿ, ಬೇರೆ ಬೇರೆ ಕೋನಗಳಿಂದ ಚಿತ್ರಿಸಿ, ಬೆರಳೆಣಿಕೆಯ ಪ್ರಾಣಿಗಳನ್ನು ಮಹಾಸೈನ್ಯವಾಗಿ ಕಾಣಿಸಲಾಯಿತು. ಕೊನೆಗೆ ನದಿಯ ದಡದ ಕಡಿದಾದ ಅಂಚಿನಿಂದ ಅವನ್ನು ನೀರಿಗೆ ದೂಡಲಾಯಿತು. ಸಮುದ್ರವೆಂದು ಪ್ರೇಕ್ಷಕರು ನಂಬಿದ್ದು ಕ್ಯಾಲ್ಗರಿ ನಗರದ ಬಳಿಯ ಬೋ ನದಿಯನ್ನು. ಅದೇ ಚಿತ್ರದಲ್ಲಿ ಹಿಮದ ಇಳಿಜಾರಿನಲ್ಲಿ ಉರುಳುವ ಹಿಮಕರಡಿಯ ಮರಿಯ ದೃಶ್ಯವನ್ನೂ ಕೃತಕ ಇಳಿಜಾರು ಕಟ್ಟಿ ಸ್ಟುಡಿಯೋದಲ್ಲಿ ತೆಗೆಯಲಾಗಿತ್ತು.

ಇದನ್ನು ಒಂದು ಸಂಸ್ಥೆಯ, ಒಂದು ಚಿತ್ರತಂಡದ ತಪ್ಪು ಎಂದು ಬದಿಗೆ ಸರಿಸುವುದು ಸುಲಭ. ಆದರೆ ವನ್ಯಜೀವಿ ಚಿತ್ರಗಳ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಪ್ರಕೃತಿ ಹೇಗಿರಬೇಕೆಂದು ಪ್ರೇಕ್ಷಕ ಮೊದಲೇ ಬಯಸಿರುತ್ತಾನೆ. ಕಾಡು ಆ ಬಯಕೆಯನ್ನು ಪೂರೈಸದಿದ್ದಾಗ ಕ್ಯಾಮೆರಾ ಪೂರೈಸುತ್ತದೆ.

ಷಿಕಾಗೋದ ಆಫ್ರಿಕ

1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆಂದು ಪೂರ್ವ ಆಫ್ರಿಕಕ್ಕೆ ಹೊರಟರು. ಅವರ ಜೊತೆ ಛಾಯಾಗ್ರಾಹಕನನ್ನು ಕಳಿಸುವ ಅವಕಾಶ ಚಿತ್ರ ನಿರ್ಮಾಪಕ ವಿಲಿಯಂ ಸೆಲಿಗ್‌ಗೆ ಸಿಗಲಿಲ್ಲ. ಆತ ಎದೆಗುಂದದೆ ಷಿಕಾಗೋದ ತನ್ನ ಸ್ಟುಡಿಯೋದಲ್ಲೇ ಕಾಡಿನ ಸೆಟ್ ಹಾಕಿಸಿದ. ರೂಸ್‌ವೆಲ್ಟ್‌ರನ್ನು ಹೋಲುವ ನಟನನ್ನು ಹುಡುಕಿದ. ವಯಸ್ಸಾದ ಸಿಂಹವೊಂದನ್ನು ಕೊಂಡು ತಂದು ಕ್ಯಾಮೆರಾದ ಮುಂದೆ ಗುಂಡಿಕ್ಕಿಸಿದ. ರೂಸ್‌ವೆಲ್ಟ್ ಆಫ್ರಿಕದಲ್ಲಿ ಸಿಂಹ ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದ ಹೊತ್ತಿಗೆ ಸೆಲಿಗ್‌ನ ಚಿತ್ರ ಬಿಡುಗಡೆಗೆ ಸಿದ್ಧವಿತ್ತು. ಜನ ಮುಗಿಬಿದ್ದರು.

ಅದೇ ವೇಳೆ ಚೆರಿ ಕಿಯರ್ಟನ್ ಎಂಬ ಇಂಗ್ಲೆಂಡಿನ ಛಾಯಾಗ್ರಾಹಕ ನಿಜವಾಗಿಯೂ ಆಫ್ರಿಕದಲ್ಲಿದ್ದು ರೂಸ್‌ವೆಲ್ಟ್‌ರನ್ನು ಚಿತ್ರಿಸಿದ್ದ. 1910ರಲ್ಲಿ ತೆರೆಕಂಡ ಅವನ ಚಿತ್ರ ಜನರಿಗೆ ಸಪ್ಪೆಯೆನಿಸಿತು. ಅದರಲ್ಲಿ ಸೆಲಿಗ್‌ನ ಚಿತ್ರದಂಥ ರೋಮಾಂಚನವಿರಲಿಲ್ಲ. ಅಸಲಿಗಿಂತ ನಕಲಿ ಗೆದ್ದ ಆ ಪಾಠವನ್ನು ಚಿತ್ರೋದ್ಯಮ ಬೇಗ ಕಲಿಯಿತು.

ಸಾಕ್ಷ್ಯಚಿತ್ರದ ಪಿತಾಮಹರಲ್ಲಿ ಒಬ್ಬರೆನಿಸಿದ ರಾಬರ್ಟ್ ಫ್ಲಾಹರ್ಟಿ ಕೂಡ ಈ ಪಾಠಕ್ಕೆ ಹೊರತಲ್ಲ. 1922ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರದಲ್ಲಿ ಇನ್ಯುಯಿಟ್ ಜನ ಈಟಿಗಾಳದಿಂದ ವಾಲ್ರಸ್ ಬೇಟೆಯಾಡುತ್ತಾರೆ. ಆ ಹೊತ್ತಿಗೆ ಅವರ ಬಳಿ ಬಂದೂಕುಗಳಿದ್ದವು. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ ಅರ್ಧ ಮನೆಯನ್ನಷ್ಟೇ ಕಟ್ಟಿಸಿ ಚಿತ್ರಿಸಲಾಯಿತು.

ಇದೇ ಫ್ಲಾಹರ್ಟಿ ಮುಂದೆ ಮೈಸೂರಿಗೂ ಬಂದರು. ಕಿಪ್ಲಿಂಗ್‌ನ ಕಥೆಯೊಂದನ್ನು ಆಧರಿಸಿದ 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಅವರು ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಆನೆಗಳನ್ನು ಚಿತ್ರಿಸಿದರು. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಮಾವುತರ ಮನೆಯ ಹುಡುಗ ಸಾಬು ಆ ಚಿತ್ರದಿಂದ ಹಾಲಿವುಡ್‌ವರೆಗೆ ಹೋದದ್ದು ಕನ್ನಡಿಗರಿಗೆ ತಿಳಿದ ಕಥೆ. ಕಾಡಿನ ದೃಶ್ಯಗಳಿಗೆ ಜೋಡಿಸಿದ ಉಳಿದ ಭಾಗವನ್ನು ಜೋಲ್ಟನ್ ಕೊರ್ಡಾ ಲಂಡನ್ ಬಳಿಯ ಡೆನ್ಹಂ ಸ್ಟುಡಿಯೋದಲ್ಲಿ ತೆಗೆದರು. ಅದು ಕಥಾಚಿತ್ರ, ಸತ್ಯದ ಹಕ್ಕು ಸಾಧಿಸಲಿಲ್ಲ. ಆದರೂ ಒಂದು ಮಾತು ಗಮನಿಸಬೇಕು. ಆ ಕಾಲದಲ್ಲಿ ಕಾಡಾನೆಯ ಹಿಂಡನ್ನು ಹತ್ತಿರದಿಂದ ಚಿತ್ರಿಸಲು ಖೆಡ್ಡಾದಂಥ ಅನುಕೂಲ ಬೇರೆಲ್ಲೂ ಇರಲಿಲ್ಲ. ತಮಟೆ, ಬೆಂಕಿ, ಕೂಗಿನ ನಡುವೆ ದಿಕ್ಕೆಟ್ಟು ಓಡುವ ಆನೆಗಳೇ ಹೊರಜಗತ್ತಿಗೆ 'ಕಾಡಾನೆ' ಎಂದು ಪರಿಚಯವಾದವು. ಕಾಡಿನಲ್ಲಿ ನೆಮ್ಮದಿಯಾಗಿ ಮೇಯುವ ಆನೆಯನ್ನು ತೆರೆ ತೋರಿಸಲಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಸುಳ್ಳು ಯಾವುದು, ತಂತ್ರ ಯಾವುದು?

ಡಿಸ್ನಿ ಸಂಸ್ಥೆ 1948ರಿಂದ ತೆಗೆದ 'ಟ್ರೂ-ಲೈಫ್ ಅಡ್ವೆಂಚರ್ಸ್' ಸರಣಿ ಈ ಕಲೆಗೆ ಒಂದು ಅಚ್ಚು ಒದಗಿಸಿತು. ಪ್ರಾಣಿಗಳಿಗೆ ಸಂಸಾರ, ಸರಸ, ಜಗಳ, ಹಾಸ್ಯ ಎಲ್ಲವೂ ಬಂದವು. 1953ರ 'ದಿ ಲಿವಿಂಗ್ ಡೆಸರ್ಟ್' ಚಿತ್ರದಲ್ಲಿ ಚೇಳುಗಳ ಪ್ರಣಯಕ್ಕೆ ಹಳ್ಳಿಯ ಕುಣಿತದ ಸಂಗೀತ ಹೊಂದಿಸಲಾಗಿತ್ತು. ಮನುಷ್ಯರ ಸುಳಿವಿಲ್ಲದ, ಕಥೆಯಂತೆ ಸಾಗುವ ಕಾಡು ಅಲ್ಲಿ ರೂಢಿಯಾಯಿತು. ಟೆಲಿವಿಷನ್ ಈ ಅಚ್ಚನ್ನು ಎತ್ತಿಕೊಂಡಿತು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಕೈಚಳಕವೆಲ್ಲ ವಂಚನೆಯಲ್ಲ. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲೇ ಹೂವು ಅರಳುವುದನ್ನು ಬಿಡಿಬಿಡಿ ಚಿತ್ರಗಳಲ್ಲಿ ಹಿಡಿದು ಕೆಲವೇ ಕ್ಷಣಗಳಲ್ಲಿ ತೋರಿಸಿದ. ಆತ ಕಾಲವನ್ನು ಕುಗ್ಗಿಸಿದ್ದು ನಿಜ, ಆದರೆ ಕಣ್ಣಿಗೆ ನಿಲುಕದ ಸತ್ಯವೊಂದು ಅದರಿಂದ ಕಂಡಿತು. ಇಂದಿನ ವನ್ಯಜೀವಿ ಚಿತ್ರಗಳ ಸದ್ದುಗಳಲ್ಲಿ ಹಲವು ಸ್ಟುಡಿಯೋದಲ್ಲಿ ಹುಟ್ಟಿದವು. ದೂರದ ಪ್ರಾಣಿಯನ್ನು ಟೆಲಿ ಲೆನ್ಸ್ ಹತ್ತಿರ ತರಬಲ್ಲದು. ಅದರ ಹೆಜ್ಜೆ ಸಪ್ಪಳವನ್ನು ಮೈಕ್ ತರಲಾರದು. ಹಿಮದ ಮೇಲಿನ ಹೆಜ್ಜೆಯ ಸದ್ದಿಗೆ ಕಾರ್ನ್‌ಫ್ಲೋರ್ ಚೀಲವನ್ನು ಹಿಸುಕುವುದು ಸಿನಿಮಾ ಜಗತ್ತಿನ ಹಳೆಯ ಉಪಾಯ.

ಗೆರೆ ಎಳೆಯುವುದು ಎಲ್ಲಿ? 2011ರಲ್ಲಿ ಬಿಬಿಸಿಯ 'ಫ್ರೋಜನ್ ಪ್ಲಾನೆಟ್' ಸರಣಿಯ ಸುತ್ತ ಈ ಪ್ರಶ್ನೆ ಎದ್ದಿತು. ಹಿಮದಡಿಯ ಗುಹೆಯಲ್ಲಿ ಹುಟ್ಟಿದ ಹಿಮಕರಡಿ ಮರಿಗಳ ದೃಶ್ಯ ನೆದರ್ಲೆಂಡ್ಸ್‌ನ ಪ್ರಾಣಿಸಂಗ್ರಹಾಲಯದಲ್ಲಿ ತೆಗೆದದ್ದೆಂದು ಪತ್ರಿಕೆಗಳು ಬರೆದವು. ಬಿಬಿಸಿ ಅದನ್ನು ತನ್ನ ಜಾಲತಾಣದಲ್ಲಿ ಹೇಳಿತ್ತಾದರೂ ಪ್ರಸಾರದಲ್ಲಿ ಹೇಳಿರಲಿಲ್ಲ. ಕಾಡಿನ ಗುಹೆಗೆ ಕ್ಯಾಮೆರಾ ನುಗ್ಗಿಸಿದರೆ ತಾಯಿಕರಡಿ ಮರಿಗಳನ್ನೋ ಛಾಯಾಗ್ರಾಹಕನನ್ನೋ ಕೊಲ್ಲುವ ಅಪಾಯವಿದೆ ಎಂದು ನಿರೂಪಕ ಡೇವಿಡ್ ಅಟೆನ್‌ಬರೋ ಸಮರ್ಥಿಸಿಕೊಂಡರು. ಕರಡಿಗೆ ತೊಂದರೆಯಾಗಲಿಲ್ಲ, ತೋರಿಸಿದ ನಡವಳಿಕೆಯೂ ಸುಳ್ಳಲ್ಲ. ಆದರೂ ಪ್ರೇಕ್ಷಕರಲ್ಲಿ ಅನೇಕರಿಗೆ ಮೋಸ ಹೋದಂತೆ ಅನ್ನಿಸಿತು.

ದೃಶ್ಯ ಅಪ್ಪಟ ನಿಜವಾಗಿದ್ದರೂ ತೊಡಕು ತಪ್ಪುವುದಿಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್‌ನ 'ಅವರ್ ಪ್ಲಾನೆಟ್' ಸರಣಿಯಲ್ಲಿ ರಷ್ಯದ ಈಶಾನ್ಯ ಕರಾವಳಿಯ ಬಂಡೆಗಳಿಂದ ವಾಲ್ರಸ್‌ಗಳು ಉರುಳಿ ಸಾಯುವ ದೃಶ್ಯ ಬಂತು. ಭೂಮಿ ಬಿಸಿಯೇರಿ ಸಮುದ್ರದ ಹಿಮ ಕರಗಿದ್ದರಿಂದ ಅವು ದಡದಲ್ಲಿ ಇಕ್ಕಟ್ಟಾಗಿ ಸೇರಿ ಬಂಡೆ ಹತ್ತಿದ್ದವೆಂಬುದು ವಿವರಣೆ. ಅದೇ ವರ್ಷ ಬಿಬಿಸಿಯ ಇನ್ನೊಂದು ಸರಣಿ, ಆ ಕರಾವಳಿಯ ವಾಲ್ರಸ್‌ಗಳು ಹಿಮಕರಡಿಗಳಿಗೆ ಬೆದರಿ ಉರುಳುವುದನ್ನು ತೋರಿಸಿತು. ಎರಡೂ ಕಾರಣ ಒಟ್ಟಿಗೆ ಇರಬಹುದು. ಆದರೆ ಹಿಮ ಕರಗುತ್ತಿರುವುದನ್ನು ಒಪ್ಪದವರಿಗೆ ಈ ವ್ಯತ್ಯಾಸವೇ ಅಸ್ತ್ರವಾಯಿತು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಕಲೆಗೆ ಮುಂದೆ ನಿಜ ಹೇಳುವುದೂ ಕಷ್ಟವಾಗುತ್ತದೆ.

ಕೆನ್ನಾಯಿಯ ಪಾಲಿಗೆ ಬಂದದ್ದು

ಪ್ರಾಣಿಯೊಂದನ್ನು ಹೇಗೆ ಚಿತ್ರಿಸುತ್ತೇವೆ ಎಂಬುದು ಬರೀ ಮನರಂಜನೆಯ ಪ್ರಶ್ನೆಯಲ್ಲ, ಅದರ ಜೀವದ ಪ್ರಶ್ನೆ. ಇದಕ್ಕೆ ನಮ್ಮ ಕಾಡಿನ ಕೆನ್ನಾಯಿಯೇ, ಅಂದರೆ ಸೀಳುನಾಯಿಯೇ, ಸಾಕ್ಷಿ. ಹಗಲಲ್ಲೇ ಗುಂಪಾಗಿ ಬೇಟೆಯಾಡುವ, ಬೇಟೆಯ ಜೀವ ಹೋಗುವ ಮೊದಲೇ ತಿನ್ನತೊಡಗುವ ಈ ಪ್ರಾಣಿಯನ್ನು ಬ್ರಿಟಿಷ್ ಶಿಕಾರಿಗಳು ಕ್ರೂರಿ, ನೀಚ ಎಂದು ಬಣ್ಣಿಸಿದರು. ಅದನ್ನು ಕೊಂದವರಿಗೆ ಬಹುಮಾನ ಸಿಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ಈ ಪಿಡುಗು ನಿಲ್ಲಲಿಲ್ಲ.

ಮೈಸೂರಿನ ಕೃಪಾಕರ-ಸೇನಾನಿ ಜೋಡಿ ವರ್ಷಗಟ್ಟಲೆ ಕೆನ್ನಾಯಿಗಳ ಜಾಡು ಹಿಡಿದು ಚಿತ್ರಿಸಿದಾಗ ಕಂಡದ್ದೇ ಬೇರೆ. ಬೇಟೆಯ ಬಳಿ ಮರಿಗಳಿಗೆ ಮೊದಲು ತಿನ್ನಲು ಬಿಡುವ ಹಿರಿಯರು, ಗೂಡಿನಲ್ಲಿರುವ ತಾಯಿಗೂ ಮರಿಗಳಿಗೂ ತಿಂದದ್ದನ್ನು ಕಕ್ಕಿ ಉಣಿಸುವ ಬಳಗ. ಇದನ್ನು ಕಾಣಲು ತಿರುಗುವ ಮೇಜು ಬೇಕಾಗಲಿಲ್ಲ, ತಾಳ್ಮೆ ಬೇಕಾಯಿತು. 'ವೈಲ್ಡ್ ಡಾಗ್ ಡೈರೀಸ್' ಚಿತ್ರ ಕೆನ್ನಾಯಿಯನ್ನು ದೇವತೆಯನ್ನಾಗಿಸಲಿಲ್ಲ. ಅದರ ಬೇಟೆಯನ್ನೂ ಬಚ್ಚಿಡಲಿಲ್ಲ. 2015ರ ಅಂತರರಾಷ್ಟ್ರೀಯ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಸಂತಾನ ಬೆಳೆಸಬಲ್ಲ ವಯಸ್ಸಿನ ಕೆನ್ನಾಯಿಗಳು 2,500ಕ್ಕಿಂತ ಕಡಿಮೆ. ಅಪಕೀರ್ತಿಗೆ ಅವು ತೆತ್ತ ಬೆಲೆಯೂ ಅದರಲ್ಲಿ ಸೇರಿದೆ.

ಈಚೆಗೆ ಹಲವು ಸರಣಿಗಳ ಕೊನೆಗೆ ಚಿತ್ರೀಕರಣದ ಕಥೆಯನ್ನೂ ಸೇರಿಸುವ ಪದ್ಧತಿ ಬಂದಿದೆ. ಎಷ್ಟು ದಿನ ಕಾದರು, ಎಲ್ಲಿ ಅಡಗಿದರು, ಎಷ್ಟು ಸಲ ಬರಿಗೈಯಲ್ಲಿ ಮರಳಿದರು ಎಂಬುದು ಅದರಲ್ಲಿರುತ್ತದೆ. ಅದನ್ನು ನೋಡದೆ ಟಿವಿ ಆರಿಸುವವರೇ ಹೆಚ್ಚು. ಆ ಹತ್ತು ನಿಮಿಷ ಕೂತವರಿಗೆ ಮಾತ್ರ ಕೇಳಬೇಕಾದ ಪ್ರಶ್ನೆಗಳು ಹೊಳೆಯುತ್ತವೆ: ಈ ಪ್ರಾಣಿ ಸ್ವತಂತ್ರವಾಗಿತ್ತೆ? ಇದು ಒಂದೇ ಪ್ರಾಣಿಯೇ, ಹಲವನ್ನು ಜೋಡಿಸಿದ್ದೇ? ಚೌಕಟ್ಟಿನಾಚೆ ಯಾರು ನಿಂತಿದ್ದರು? 1958ರಲ್ಲಿ ಇವನ್ನು ಕೇಳಿದವರಿಲ್ಲ. ಸತ್ಯ ಹೊರಬಿದ್ದು 40 ವರ್ಷ ಕಳೆದರೂ ಜನರ ಮಾತಿನಲ್ಲಿ ಲೆಮಿಂಗ್‌ಗಳು ಇಂದಿಗೂ ಬಂಡೆಯಿಂದ ಹಾರುತ್ತಲೇ ಇವೆ.