ನೀರಿನಡಿಯ ಊರು ಮತ್ತು ಅಗ್ಗದ ರೋಬೋಟ್

ನಮ್ಮ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಮುಳುಗಡೆ ಕುಟುಂಬದವರು. ನಾನೂ ಅವರಲ್ಲೊಬ್ಬ. 1964ರಲ್ಲಿ ಲಿಂಗನಮಕ್ಕಿ ಹಿನ್ನೀರು ಏರಿದಾಗ ನಮ್ಮ ಅಜ್ಜನ ಮನೆ, ತೋಟ ಮಾತ್ರವಲ್ಲ, ಜೋಗದ ಹಳೆಯ ವಿದ್ಯುದಾಗಾರಕ್ಕೆ ನೀರು ಕೊಡುತ್ತಿದ್ದ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಆ ಕಟ್ಟೆ ಈಗಲೂ ತಲೆ ಎತ್ತುತ್ತದೆ. ನಮ್ಮ ಮನೆ ಏಳುವುದಿಲ್ಲ.

ಮುಳುಗಿದ್ದನ್ನು ಹುಡುಕುವ ಶಾಸ್ತ್ರ ನಮ್ಮ ದೇಶದಲ್ಲಿ ಬೇರೂರಲು ಕಾರಣರಾದವರಲ್ಲಿ ಮುಖ್ಯರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾಯರು. ಲೋಥಲ್ ಉತ್ಖನನ ನಡೆಸಿದ ಇವರೇ 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿಂದ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿದರು. ಅಲ್ಲಿ ಇಳಿದವರು ಮುಳುಗುಗಾರರು. ಬೆನ್ನಿಗೆ ಕಟ್ಟಿದ ಗಾಳಿ ಮುಗಿಯುವುದರೊಳಗೆ ನೋಡಬೇಕು, ಅಳೆಯಬೇಕು, ಮೇಲೆ ಬರಬೇಕು. ಆಳ ಹೆಚ್ಚಿದಂತೆ ಈ ಅವಧಿಯೂ ಕುಗ್ಗುತ್ತದೆ.

ರೋಬೋಟ್‌ಗೆ ಉಸಿರಿನ ಚಿಂತೆಯಿಲ್ಲ. 1986ರಲ್ಲಿ ಜೇಸನ್ ಜೂನಿಯರ್ ಎಂಬ ಯಂತ್ರ ಸುಮಾರು 3,800 ಮೀಟರ್ ಆಳದ ಟೈಟಾನಿಕ್ ಹಡಗಿನೊಳಗೆ ಇಣುಕಿತು. ಆದರೆ ಅದರ ಹಿಂದೆ ಅಮೆರಿಕದ ನೌಕಾಪಡೆಯ ಹಣವಿತ್ತು. ಬಡವರ ಯಂತ್ರ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು.

ಕ್ಯಾಲಿಫೋರ್ನಿಯಾದ ಹಾಲ್ ಸಿಟಿ ಗುಹೆಯ ನೀರಿನಲ್ಲಿ ಬಂಗಾರ ಅಡಗಿದೆಯೆಂಬ ಹಳೆಯ ದಂತಕಥೆ ಕೇಳಿ ಎರಿಕ್ ಸ್ಟಾಕ್‌ಪೋಲ್, ಡೇವಿಡ್ ಲ್ಯಾಂಗ್ ಎಂಬಿಬ್ಬರು ಸಣ್ಣ ರೋಬೋಟ್ ಕಟ್ಟಲು ಹೊರಟರು. ಬಂಗಾರ ಸಿಗಲಿಲ್ಲ, ಓಪನ್‌ಆರ್‌ಒವಿ ಸಿಕ್ಕಿತು. 2012ರಲ್ಲಿ ಸಾರ್ವಜನಿಕರಿಂದಲೇ ಹಣ ಕೂಡಿಸಿ, ಸಾವಿರ ಡಾಲರಿಗೂ ಕಡಿಮೆ ಬೆಲೆಯ ಕಿಟ್ ಮಾಡಿದರು. ಅಕ್ರಿಲಿಕ್ ಹಲಗೆ, ಆಟಿಕೆ ವಿಮಾನಕ್ಕೆ ಬಳಸುವಂಥ ಮೂರು ಮೋಟಾರು, ಅಂಗೈ ಅಗಲದ ಕಂಪ್ಯೂಟರು, ಒಂದು ಕ್ಯಾಮೆರಾ. ನೀರೊಳಗೆ ರೇಡಿಯೋ ತರಂಗ ದೂರ ಹೋಗದ್ದರಿಂದ ಗಾಳಿಪಟದ ದಾರದಂತೆ ತೆಳ್ಳನೆಯ ತಂತಿಯೊಂದು ದಡದ ಲ್ಯಾಪ್‌ಟಾಪಿಗೆ. ನಕ್ಷೆ, ಪ್ರೋಗ್ರಾಮು ಎರಡನ್ನೂ ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟರು. ನನ್ನಂಥ ಬಿ.ಇ. ಓದಿದವನಿಗೆ ಆಸೆ ಹುಟ್ಟಿದ್ದು ಇಲ್ಲಿಯೇ.

ಆಸೆಗೆ ಅಡ್ಡಿಗಳೂ ಇವೆ. ಮಳೆಗಾಲದ ಕೆಂಪು ನೀರಲ್ಲಿ ಕ್ಯಾಮೆರಾ ಕುರುಡು. ಶಬ್ದದಿಂದ ನೋಡುವ ಸೋನಾರ್ ಬೇಕೆಂದರೆ ಅಗ್ಗದ ಮಾತು ಅಲ್ಲಿಗೇ ಮುಗಿಯಿತು. ಮುಳುಗಿದ ಮರದ ಬೊಡ್ಡೆಗೆ ತಂತಿ ಸಿಕ್ಕಿಕೊಂಡರೆ ಯಂತ್ರವೂ ಮುಳುಗಡೆಯ ಲೆಕ್ಕಕ್ಕೆ! ಜಲಾಶಯಕ್ಕೆ ಇಳಿಸಲು ಅನುಮತಿಯೂ ಬೇಕು. ಇವೆಲ್ಲಕ್ಕಿಂತ ಮೊದಲು, ಎಲ್ಲಿ ಇಳಿಸಬೇಕೆಂದು ತಿಳಿಯಬೇಕು. ಅದನ್ನು ಹೇಳಬಲ್ಲವರು ಊರಲ್ಲಿ ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ.

ಕಳೆದ ದೀಪಾವಳಿಗೆ ಬಂದಾಗ ಅಜ್ಜಿಯನ್ನು ಕೇಳಿದೆ. ಅವಳು ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು: ದೇವಸ್ಥಾನ, ಅದರ ಬಡಗಣಕ್ಕೆ ಎರಡು ಗದ್ದೆ, ಬಾವಿ, ಮನೆ. ಒರೆಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಬಾವಿಯನ್ನು ಮಾತ್ರ ಅವಳು ಎರಡು ಸಲ ಅಳಿಸಿ, ಜಾಗ ಬದಲಿಸಿ ಬರೆದಳು.