ತಾಮ್ರಪಟ ಸಿಕ್ಕರೆ ಹುಣಸೆಹಣ್ಣು ಹಚ್ಚಬೇಡಿ

ಬೀಳಗಿ ತಾಲೂಕಿನ ಎಷ್ಟೋ ಊರುಗಳು ಆಲಮಟ್ಟಿ ಹಿನ್ನೀರಿಗೆ ಸಿಕ್ಕು ಜಾಗ ಬದಲಿಸಿವೆ. ಹಳೇ ಮನೆ ಕೆಡವುವಾಗ, ಹೊಸದಕ್ಕೆ ಪಾಯ ತೆಗೆಯುವಾಗ ಏನಾದರೂ ಸಿಕ್ಕರೆ ನಾವು ಮೊದಲು ನೋಡುವುದು ಬಂಗಾರವೋ ಅಲ್ಲವೋ ಅಂತ. ತಾಮ್ರವಾದರೆ ಗುಜರಿಗೆ ಹಾಕುವ ಮನಸ್ಸಾಗುತ್ತದೆ. ಆದರೆ ಅದರ ಮೇಲೆ ಅಕ್ಷರವಿದ್ದರೆ ಸ್ವಲ್ಪ ತಡೆಯಿರಿ.

ತಾಮ್ರಪಟವೆಂದರೆ ಆ ಕಾಲದ ಉತಾರ. ದಾನ ಕೊಟ್ಟ ರಾಜ ಯಾರು, ಪಡೆದವರು ಯಾರು, ಭೂಮಿಯ ಚಕ್ಕುಬಂದಿ ಏನು ಎಂದು ಹಲಗೆಗಳ ಮೇಲೆ ಕೊರೆದು, ಬಳೆಯಲ್ಲಿ ಪೋಣಿಸಿ, ಮುದ್ರೆ ಹಾಕುತ್ತಿದ್ದರು. ಬಾದಾಮಿ ಚಾಲುಕ್ಯರ ಮುದ್ರೆ ವರಾಹ.

ಪಕ್ಕದ ಮುಧೋಳದಲ್ಲೇ ಪುಗವರ್ಮನ ತಾಮ್ರಪಟ ಸಿಕ್ಕಿದೆ. ಅದು 6ನೇ ಶತಮಾನದ್ದು. 543ರಲ್ಲಿ ಬಾದಾಮಿ ಬೆಟ್ಟಕ್ಕೆ ಕೋಟೆ ಕಟ್ಟಿಸಿದ ಒಂದನೇ ಪುಲಕೇಶಿಯ ಮಕ್ಕಳು ಕೀರ್ತಿವರ್ಮ, ಮಂಗಳೇಶ ಎಂದು ಓದಿದ್ದೇವೆ. ಪುಗವರ್ಮನೂ ಅವನ ಮಗನೆಂದು ವಿದ್ವಾಂಸರು ಹೇಳುತ್ತಾರೆ. ಅದು ಕೀರ್ತಿವರ್ಮನದೇ ಇನ್ನೊಂದು ಹೆಸರು ಎನ್ನುವವರೂ ಇದ್ದಾರೆ. ಆ ಹಲಗೆ ಕರಗಿ ಕೊಡವಾಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಸಿಕ್ಕ ವಸ್ತುವಿನಷ್ಟೇ ಸಿಕ್ಕ ಜಾಗವೂ ಮುಖ್ಯ. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಒಬ್ಬ ಕೂಲಿಕಾರನಿಗೆ ನೆಲ ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಗುಟ್ಟಾಗಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಕಂಪನಿಯೊಂದು ಅದನ್ನು ಕೊಂಡಿತು. ಲಂಡನ್ ಪೊಲೀಸರು ಜಪ್ತಿ ಮಾಡಿದ ಮೇಲೆ ಮೂರ್ತಿ ಯಾರದು ಎಂದು ವ್ಯಾಜ್ಯ ನಡೆಯಿತು. ಮೂರ್ತಿಗೆ ಅಂಟಿದ್ದ ಮಣ್ಣು, ಗೆದ್ದಲಿನ ಗುರುತು ಕೂಡ ಸಾಕ್ಷಿಯಾದವು. 1991ರಲ್ಲಿ ಮೇಲ್ಮನವಿಯಲ್ಲೂ ಗುಡಿಯೇ ಗೆದ್ದಿತು. ದೇಶಕ್ಕೆ ಬಂದ ಮೇಲೆ ಇನ್ನೊಂದು ತಕರಾರು: ಭದ್ರತೆಗೆಂದು ಮೂರ್ತಿಯನ್ನು ತಿರುವಾರೂರಿನ ಕೇಂದ್ರದಲ್ಲಿ ಇಟ್ಟರು, ಊರವರು ನಮ್ಮ ದೇವರು ನಮ್ಮ ಗುಡಿಗೆ ಬರಲಿ ಎಂದರು.

ಮ್ಯೂಸಿಯಮ್ಮೋ ಗುಡಿಯೋ ಎಂಬ ಜಗಳಕ್ಕೆ ಎರಡೂ ಕಡೆ ನ್ಯಾಯವಿದೆ. ಆದರೆ ಎಲ್ಲಿ ಸಿಕ್ಕಿತೆಂದು ಹೇಳುವವರೇ ಇಲ್ಲದಿದ್ದರೆ ಊರಿಗೆ ಕೇಳುವ ಹಕ್ಕೂ ಉಳಿಯುವುದಿಲ್ಲ.

ಹೇಳಿದರೆ ಹೊಲ ಹೋಗುತ್ತದೆ, ಕೇಸು ಬೀಳುತ್ತದೆ ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿದೆ. ನಿಜವಾಗಿ ಕೇಸು ಬೀಳುವುದು ಮುಚ್ಚಿಟ್ಟವರ ಮೇಲೆ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲೇ ತಿಳಿಸಿದವರಿಗೆ ಪಾಲು ಇತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ.

ಆದ್ದರಿಂದ ಸಿಕ್ಕಲ್ಲೇ ಫೋನಿನಲ್ಲಿ ಫೋಟೊ ತೆಗೆಯಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. ಬಳೆ ಕತ್ತರಿಸಬೇಡಿ. ನಾಲ್ಕು ಜನರೆದುರು ಪಂಚನಾಮೆ ಮಾಡಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಆ ಪತ್ರದಲ್ಲಿ ನಿಮ್ಮ ಊರಿನ ಹೆಸರು ಸರಿಯಾಗಿದೆಯೇ ಎಂದು ಓದಿ ನೋಡಿ.