ಸವೆತದ ಶಿಲ್ಪ: ಹೊಸ ವಿದ್ಯುತ್ ಗಿಟಾರಿಗೆ ವೃದ್ಧಾಪ್ಯವನ್ನು ಕೊಡುವ ಕಲೆಯ ಚರಿತ್ರೆ

1995ನೆಯ ಇಸವಿಯ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಅನಹೈಮ್ ನಗರದಲ್ಲಿ ಸೇರಿದ ವಾದ್ಯವ್ಯಾಪಾರಿಗಳ ವಾರ್ಷಿಕ ಮೇಳದಲ್ಲಿ ಫೆಂಡರ್ ಸಂಸ್ಥೆಯವರು ಗಾಜಿನ ಪೆಟ್ಟಿಗೆಯಲ್ಲಿ ಎರಡು ವಿದ್ಯುತ್ ಗಿಟಾರುಗಳನ್ನು ಇರಿಸಿದ್ದರು. ಒಂದು ‘ನೋಕಾಸ್ಟರ್’, ಇನ್ನೊಂದು ಚಿನ್ನದ ಲೇಪವುಳ್ಳ ಲೋಹಭಾಗಗಳಿಂದ ಕೂಡಿದ ‘ಮೇರಿ ಕೇ’ ಮಾದರಿಯ ಸ್ಟ್ರಾಟೋಕಾಸ್ಟರ್. ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದು, ಲೋಹ ಮಂಕಾಗಿ, ಕೈಯೂರುವ ಕಡೆಗಳಲ್ಲೆಲ್ಲ ಮರ ಹೊರಬಿದ್ದಿದ್ದ ಆ ವಾದ್ಯಗಳನ್ನು ಕಂಡವರಲ್ಲಿ ಹಲವರು, ಸಂಸ್ಥೆಯವರು ನಲವತ್ತು ವರ್ಷಗಳ ಹಿಂದಿನ ತಮ್ಮ ಕೃತಿಗಳನ್ನು ಎಲ್ಲಿಂದಲೋ ತಂದು ಪ್ರದರ್ಶನಕ್ಕಿಟ್ಟಿರುವರೆಂದೇ ತಿಳಿದರು. ವಾಸ್ತವವಾಗಿ ಅವೆರಡೂ ಆಗತಾನೇ ಸಿದ್ಧವಾದವು. ಅವುಗಳಿಗೆ ಇಟ್ಟ ಹೆಸರು ‘ರೆಲಿಕ್’. ಸಂತರ ಅಸ್ಥಿ, ವಸ್ತ್ರ ಮೊದಲಾದ ಪೂಜ್ಯಾವಶೇಷಗಳಿಗೆ ಕ್ರೈಸ್ತ ದೇವಾಲಯಗಳಲ್ಲಿ ಸಲ್ಲುವ ಹೆಸರು.

ಹೊಸದನ್ನು ಹಳೆಯದೆಂಬಂತೆ ಕಾಣಿಸುವ ಈ ವಿದ್ಯೆ ಅಂದು ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಜಾನ್ ಬಾಪ್ಟಿಸ್ಟ್ ವೀಯೋಮ್ (1798–1875) ಎಂಬ ಪಿಟೀಲು ತಯಾರಕನು ಸ್ಟ್ರಾಡಿವಾರಿ, ಗ್ವಾರ್ನೇರಿ ಮೊದಲಾದ ಇಟಲಿಯ ಆಚಾರ್ಯರ ವಾದ್ಯಗಳನ್ನು ಅನುಕರಿಸುವಾಗ ಅವುಗಳ ಆಕಾರವನ್ನು ಮಾತ್ರವಲ್ಲದೆ, ವಾದಕನ ಗದ್ದವೂ ಅಂಗೈಯೂ ತಗುಲಿ ವಾರ್ನಿಷು ಸವೆದಿರುವ ಕ್ರಮವನ್ನೂ ಅನುಕರಿಸಿದನು. ಆ ಶತಮಾನದ ಕೊನೆಗೆ ಲಂಡನ್ನಿನ ವೋಲರ್ ಸೋದರರು ಅದೇ ವಿದ್ಯೆಯಲ್ಲಿ ಹೆಸರಾದರು. ಅವರ ಕೈಯಿಂದ ಬಂದ ಕೆಲವು ಪಿಟೀಲುಗಳು ಪ್ರಾಚೀನ ವಾದ್ಯಗಳೆಂದೇ ಮಾರಾಟವಾದವು. ಆದುದರಿಂದ ಗಿಟಾರಿನ ಪ್ರಕರಣದಲ್ಲಿ ವಿಚಾರಿಸಬೇಕಾದದ್ದು ಈ ವಿದ್ಯೆ ಮೊದಲು ಯಾರಿಗೆ ಹೊಳೆಯಿತೆಂಬುದನ್ನಲ್ಲ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ, ಹೊಳಪೇ ಮೂಲಧನವಾಗಿದ್ದ ಒಂದು ಆಧುನಿಕ ವಸ್ತುವಿಗೆ ಮುಪ್ಪು ಹೇಗೆ ಭೂಷಣವಾಯಿತೆಂಬುದನ್ನು. ಇದಕ್ಕೆ ಉತ್ತರವನ್ನು ಸಂಗೀತದ ಚರಿತ್ರೆಗಿಂತ ಬಣ್ಣದ ಚರಿತ್ರೆಯಲ್ಲಿ ಹುಡುಕಬೇಕೆಂದು ನನ್ನ ನಂಬಿಕೆ.

ಫೆಂಡರ್, ಗಿಬ್ಸನ್ ಮೊದಲಾದ ಸಂಸ್ಥೆಗಳು 1950ರ ದಶಕದಲ್ಲಿ ಗಿಟಾರುಗಳಿಗೆ ಬಳಿಯುತ್ತಿದ್ದುದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಲೇಪ. ಇದು ಮೊದಲಿಗೆ ಮೋಟಾರು ಉದ್ಯಮದ ಬಣ್ಣ. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದನ್ನು ಒದಗಿಸಿದ್ದ ದ್ಯುಪಾಂಟ್ ಸಂಸ್ಥೆಯು ಅದೇ ರಾಸಾಯನಿಕ ಕುಲಕ್ಕೆ ಸೇರಿದ ‘ಡ್ಯೂಕೋ’ ಬಣ್ಣವನ್ನು ಸಿದ್ಧಪಡಿಸಿ 1924ರ ಓಕ್ಲೆಂಡ್ ಕಾರುಗಳ ಮೇಲೆ ಬಳಕೆಗೆ ತಂದಿತು. ಅದುವರೆಗೆ ವಾರಗಟ್ಟಲೆ ಕಾಯಬೇಕಾಗಿದ್ದ ಬಣ್ಣದ ಕೆಲಸ ಗಂಟೆಗಳಲ್ಲಿ ಮುಗಿಯುವಂತಾಯಿತು. ಲಿಯೋ ಫೆಂಡರನು ತನ್ನ ಗಿಟಾರುಗಳಿಗೆ ಕಾರುಗಳ ವರ್ಣಪಟ್ಟಿಯಿಂದಲೇ ಬಣ್ಣಗಳನ್ನು ಆರಿಸಿದನು. ಬೇಗ ಒಣಗುವುದು, ತೆಳುವಾಗಿ ಕೂರುವುದು, ಚೆನ್ನಾಗಿ ಹೊಳೆಯುವುದು: ಕಾರ್ಖಾನೆಗೆ ಬೇಕಾದದ್ದು ಇಷ್ಟೇ.

ಆದರೆ ಈ ಲೇಪಕ್ಕೆ ಮರಣಧರ್ಮವುಂಟು. ದ್ರಾವಕವು ಆರಿಹೋದ ಮೇಲೆ ಉಳಿಯುವ ತೆಳುಪೊರೆಯು ವರ್ಷಗಳು ಕಳೆದಂತೆ ತನ್ನ ಮೃದುತ್ವವನ್ನು ಕಳೆದುಕೊಂಡು ಪೆಡಸಾಗುವುದು. ಬೆಳಕಿಗೂ ಗಾಳಿಗೂ ಸಿಕ್ಕಿ ಹಳದಿಗೆ ತಿರುಗುವುದು. ಋತುಮಾನಕ್ಕೆ ತಕ್ಕಂತೆ ಕೆಳಗಿನ ಮರ ಹಿಗ್ಗಿ ಕುಗ್ಗುವಾಗ ಪೆಡಸಾದ ಪೊರೆ ಅದರೊಡನೆ ಹಿಗ್ಗಲಾರದೆ ಬೇಸಗೆಯ ಕೆರೆಯಂಗಳದಂತೆ ಸೀಳುವುದು. ಬಲಗೈಯ ಮುಂಗೈ ಒರಗುವ ಮೇಲಂಚಿನಲ್ಲಿ ಬೆವರೂ ಘರ್ಷಣೆಯೂ ಸೇರಿ ಬಣ್ಣವನ್ನು ತಿಂದುಹಾಕಿದರೆ, ಬೆನ್ನಿನಲ್ಲಿ ಬೆಲ್ಟಿನ ಬಕಲು ತನ್ನ ಗುರುತನ್ನು ಕೊರೆಯುವುದು. ಮೇಪಲ್ ಮರದ ಬೆರಳುಹಲಗೆಗೆ ಲ್ಯಾಕರ್ ಬಳಿದಿರುವುದರಿಂದ, ವಾದಕನು ಹೆಚ್ಚಾಗಿ ಸಂಚರಿಸುವ ಮೆಟ್ಟಿಲುಗಳ ನಡುವೆ ಅದು ಸವೆದು, ಬರಿದಾದ ಮರ ಕೈಯ ಜಿಡ್ಡನ್ನು ಹೀರಿ ಕಪ್ಪಿಡುವುದು. ಬೀಟೆಯ ಬೆರಳುಹಲಗೆಗೆ ಲೇಪವಿಲ್ಲ. ಅಲ್ಲಿ ಕಲೆಯ ಬದಲು ನಸುಗುಳಿಗಳೂ ನುಣುಪೂ ಕಾಣಿಸುವುವು. 1960ರ ದಶಕ ಮುಗಿಯುವ ವೇಳೆಗೆ ಬ್ರೆಜಿಲಿನ ಬೀಟೆ ದುರ್ಲಭವಾಗಿ ಅಮೆರಿಕದ ತಯಾರಕರು ಭಾರತದ ಬೀಟೆಗೆ ತಿರುಗಿದರು; ನಮ್ಮ ಪಶ್ಚಿಮಘಟ್ಟಗಳ ಕಾಡಿನಲ್ಲಿ ಬೆಳೆಯುವುದೂ ಅದೇ ಮರ. ಮಲೆನಾಡಿನ ಹಳೆಯ ಮನೆಗಳಲ್ಲಿ ಮೂರು ತಲೆಮಾರಿನ ಕೈ ತಾಗಿ ಕರಿನೀರಿನಂತೆ ಮಿನುಗುವ ಬೀಟೆಯ ಮಂಚವನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

1965ರ ಜನವರಿಯಲ್ಲಿ ಲಿಯೋ ಫೆಂಡರನು ತನ್ನ ಸಂಸ್ಥೆಯನ್ನು 1.3 ಕೋಟಿ ಡಾಲರುಗಳಿಗೆ ಸಿಬಿಎಸ್ ಕಂಪನಿಗೆ ಮಾರಿದನು. ತರುವಾಯದ ವರ್ಷಗಳಲ್ಲಿ ತಯಾರಿಕೆಯ ಗುಣ ಕುಸಿಯಿತೆಂಬ ಭಾವನೆ ವಾದಕರಲ್ಲಿ ಬೇರೂರಿ, ‘ಸಿಬಿಎಸ್‌ಪೂರ್ವ’ ಎಂಬ ವಿಶೇಷಣವೇ ಪ್ರಶಸ್ತಿಯಾಯಿತು. ಇದನ್ನು ಎಲ್ಲರೂ ಬರೆದಿದ್ದಾರೆ. ಇದಕ್ಕಿಂತ ಮುಖ್ಯವೆಂದು ನನಗೆ ತೋರುವ ಸಂಗತಿಯೆಂದರೆ, 1960ರ ದಶಕದ ಕೊನೆಗೆ ಫೆಂಡರ್ ಕಾರ್ಖಾನೆಯಲ್ಲಿ ನೈಟ್ರೋಸೆಲ್ಯುಲೋಸಿನ ಸ್ಥಾನಕ್ಕೆ ಪಾಲಿಯೆಸ್ಟರ್ ಲೇಪ ಬಂದದ್ದು. ಅದು ದಪ್ಪ, ಗಟ್ಟಿ, ಬೆವರಿಗೆ ಜಗ್ಗದು. ಪೆಟ್ಟು ಬಿದ್ದರೆ ಗಾಜಿನಂತೆ ಚಕ್ಕೆಯೇಳುವುದೇ ಹೊರತು ಮೆಲ್ಲಮೆಲ್ಲಗೆ ಸವೆಯದು. ಹೀಗೆ ಫೆಂಡರ್ ಸಂಸ್ಥೆಯು ಸವೆಯುವ ಬಣ್ಣವನ್ನು ಕೈಬಿಟ್ಟ ಕಾರಣದಿಂದಲೇ ಸವೆತವು ಒಂದು ಕಾಲದ ಮುದ್ರೆಯಾಯಿತು. ಮುಂದೆ ಪಾಲಿಯೆಸ್ಟರ್ ತೊಟ್ಟು ಹುಟ್ಟಿದ ಗಿಟಾರುಗಳು ಎಷ್ಟು ವರ್ಷ ಬಾಳಿದರೂ ಆ ರೀತಿಯಲ್ಲಿ ಮುಪ್ಪಾಗಲಾರವು. ಯಾವ ಮುಪ್ಪು ಮತ್ತೆ ಸಹಜವಾಗಿ ಬಾರದೋ ಅದನ್ನು ಕೃತಕವಾಗಿ ತರಿಸುವ ಬಯಕೆ ಅಲ್ಲಿ ಮೊಳೆಯಿತು.

1985ರಲ್ಲಿ ಸಂಸ್ಥೆಯನ್ನು ಅದರ ನೌಕರವರ್ಗವೇ ಕೊಂಡುಕೊಂಡು, 1987ರಲ್ಲಿ ಕರೋನಾ ಪಟ್ಟಣದಲ್ಲಿ ‘ಕಸ್ಟಮ್ ಶಾಪ್’ ಎಂಬ ವಿಶೇಷ ಕಾರ್ಯಾಗಾರವನ್ನು ತೆರೆಯಿತು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸನು ತನಗಾಗಿ ಮಾಡಿಸಿದ ಗಿಟಾರುಗಳು ತೀರ ಹೊಸದಾಗಿ ಕಾಣುತ್ತವೆ, ಸ್ವಲ್ಪ ಬಡಿದು ಕೊಡಿರೆಂದು ಕೇಳಿದನೆಂಬ ಕಥೆ ಪ್ರಚಾರದಲ್ಲಿದೆ. ಅಲ್ಲಿನ ಶಿಲ್ಪಿ ಜೆ. ಡಬ್ಲ್ಯು. ಬ್ಲ್ಯಾಕ್, ಸಂಗೀತ ನಿರ್ಮಾಪಕ ಡಾನ್ ವಾಸ್‌ಗಾಗಿ ಒಂದು ಬೇಸ್ ಗಿಟಾರನ್ನು ಹಳತಾಗಿಸಿದ್ದೇ ಮೊದಲ ಪ್ರೇರಣೆಯೆಂಬ ಮಾತೂ ಉಂಟು. ಇವೆರಡರಲ್ಲಿ ಯಾವುದನ್ನು ಹಿಡಿದರೂ ಕೈಕೆಲಸದ ಮುಖ್ಯ ಶ್ರೇಯಸ್ಸು ಸಲ್ಲಬೇಕಾದದ್ದು ಮಿಸ್ಸೂರಿ ಸಂಸ್ಥಾನದ ವಿನ್ಸ್ ಕುನೆಟ್ಟೋ ಎಂಬ ಕುಶಲಿಗೆ. 1995ರಿಂದ 1999ರವರೆಗೆ ಗಿಟಾರಿನ ಒಡಲುಗಳೂ ಕತ್ತುಗಳೂ ಕ್ಯಾಲಿಫೋರ್ನಿಯಾದಿಂದ ಅವನ ಕಾರ್ಯಾಗಾರಕ್ಕೆ ಹೋಗಿ, ಅಲ್ಲಿ ಬಣ್ಣವನ್ನೂ ವಯಸ್ಸನ್ನೂ ಪಡೆದು, ಜೋಡಣೆಗಾಗಿ ಹಿಂದಿರುಗುತ್ತಿದ್ದವು. ಅನಂತರ ಆ ಕೆಲಸ ಕಸ್ಟಮ್ ಶಾಪಿನೊಳಗೇ ನಡೆಯತೊಡಗಿತು. ಮುಪ್ಪಿಗೂ ತರತಮ ಏರ್ಪಟ್ಟು, ಅಂಗಡಿಯಲ್ಲಿ ಮಾರಾಟವಾಗದೆ ಉಳಿದಂತಿರುವುದು, ಬೀರುವಿನಲ್ಲಿ ಇರಿಸಿ ಮರೆತಂತಿರುವುದು, ಊರೂರು ಸುತ್ತಿ ಬಳಲಿದಂತಿರುವುದು ಎಂಬ ದರ್ಜೆಗಳು ಬಂದವು. 2009ರಲ್ಲಿ ಮೆಕ್ಸಿಕೋ ದೇಶದಲ್ಲಿ ತಯಾರಾದ ‘ರೋಡ್ ವೋರ್ನ್’ ಮಾಲೆಯಿಂದ ಈ ಮುಪ್ಪು ಸಾಮಾನ್ಯನ ಜೇಬಿಗೂ ಎಟುಕಿತು.

ವಿಧಾನಗಳು ಕೇಳುವುದಕ್ಕೆ ಸರಳ, ಮಾಡುವುದಕ್ಕೆ ಕಠಿಣ. ಲ್ಯಾಕರ್ ಬಳಿದ ಒಡಲನ್ನು ಥಟ್ಟನೆ ತಣಿಸಿದರೆ ಬಿರುಕು ತಾನಾಗಿಯೇ ಏಳುವುದು; ಲೋಹಭಾಗಗಳನ್ನು ಆಮ್ಲದ ಹಬೆಗೆ ಒಡ್ಡಿದರೆ ಕಿಲುಬು ಹಿಡಿಯುವುದು; ಬಿಳಿಯ ಪ್ಲಾಸ್ಟಿಕ್ಕನ್ನು ಚಹ, ಕಾಫಿ ಮುಂತಾದವುಗಳ ಕಷಾಯದಲ್ಲಿ ಅದ್ದಿದರೆ ದಂತದ ಬಣ್ಣ ಬರುವುದು. ಗಿಬ್ಸನ್ ಪರಂಪರೆಯ ಟಾಮ್ ಮರ್ಫಿ, ಲ್ಯಾಕರಿನ ಬಿರುಕುಗಳನ್ನು ಕ್ಷೌರದ ಅಲಗಿನಿಂದ ಒಂದೊಂದಾಗಿ ಗೀಚುವ ಕ್ರಮದಿಂದ ಪ್ರಖ್ಯಾತನಾದನು. ಮರಳುಕಾಗದದಿಂದ ಬಣ್ಣ ಕೆರೆಯುವುದು ಯಾರಿಗೂ ಸಾಧ್ಯ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವರು ವಿರಳ. ನಿಜವಾದ ಸವೆತಕ್ಕೆ ಅಂಚು ಎಂಬುದಿಲ್ಲ. ಮೇಲ್ಪದರ ತೆಳುವಾಗುತ್ತ, ಕೆಳಗಿನ ಅಸ್ತರಿ ಬಣ್ಣ ಇಣುಕುತ್ತ, ಆಮೇಲೆ ಮರ ಬೂದುಬಣ್ಣಕ್ಕೆ ತಿರುಗುತ್ತ ಹೋಗುವುದು. ಕೃತಕ ಸವೆತವು ಬಹುಮಟ್ಟಿಗೆ ಸಿಕ್ಕಿಬೀಳುವುದು ಈ ಸಂಕ್ರಮಣದಲ್ಲಿಯೇ. ವಾದನದ ಭಂಗಿಯನ್ನು ಬಲ್ಲ ಕುಶಲಿಯು ಮಾತ್ರ, ಇಲ್ಲದ ವಾದಕನೊಬ್ಬನ ದೇಹವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಅವನ ಮೊಣಕೈ, ಬೆರಳು, ಸೊಂಟ ಎಲ್ಲೆಲ್ಲಿ ತಾಗುತ್ತಿದ್ದವೋ ಅಲ್ಲಲ್ಲೇ ಕೆರೆಯಬಲ್ಲನು.

ಇದ್ದ ವಾದಕನ ದೇಹವನ್ನೇ ಅನುಕರಿಸುವ ಪ್ರಯತ್ನಗಳೂ ನಡೆದಿವೆ. ಐರ್ಲೆಂಡಿನ ರೋರಿ ಗ್ಯಾಲಗರನು ಕಾರ್ಕ್ ನಗರದ ಅಂಗಡಿಯೊಂದರಿಂದ 1963ರಲ್ಲಿ ಕೊಂಡ 1961ರ ಸ್ಟ್ರಾಟೋಕಾಸ್ಟರಿನ ಬಣ್ಣದಲ್ಲಿ ಬಹುಭಾಗ ಅವನ ಬೆವರಿಗೆ ಸಿಕ್ಕಿ ಕರಗಿಹೋಗಿತ್ತು. ರೆಲಿಕ್ ಪ್ರದರ್ಶನಗೊಂಡ 1995ರಲ್ಲಿಯೇ ಗ್ಯಾಲಗರನು ತೀರಿಕೊಂಡನು. 1997ರಲ್ಲಿ ಆ ಗಿಟಾರಿನ ಬೋಳುತನವೆಲ್ಲ ಕಸ್ಟಮ್ ಶಾಪಿನ ಪ್ರತಿಕೃತಿಯಲ್ಲಿ ಮೂಡಿಬಂದಿತು. ಎರಿಕ್ ಕ್ಲಾಪ್ಟನನು ಮೂರು ಗಿಟಾರುಗಳ ಭಾಗಗಳನ್ನು ಕೂಡಿಸಿ ಮಾಡಿಕೊಂಡಿದ್ದ ‘ಬ್ಲ್ಯಾಕಿ’ 2004ರ ಹರಾಜಿನಲ್ಲಿ 9,59,500 ಡಾಲರುಗಳಿಗೆ ಹೋದ ಮೇಲೆ, 2006ರಲ್ಲಿ ಅದರ 275 ಪ್ರತಿಕೃತಿಗಳು ಗೀರು ಗೀರಿನ ಸಹಿತ ಹೊರಬಂದವು. ನಾನು ಇಲ್ಲಿ ಗ್ಯಾಲಗರನ ಪ್ರತಿಕೃತಿಯನ್ನು ಹೆಚ್ಚು ಗೌರವಿಸುತ್ತೇನೆ: ಹದಿಹರೆಯದಲ್ಲಿ ಕೊಂಡ ಒಂದೇ ವಾದ್ಯದೊಡನೆ ಮೂರು ದಶಕಗಳು ಬಾಳಿದವನ ಜೀವನಚರಿತ್ರೆಯಾಗಿ ಅದನ್ನು ಓದಬಹುದು.

ಇದು ವಂಚನೆಯಲ್ಲವೇ ಎಂಬ ಪ್ರಶ್ನೆಯನ್ನು ವಾದಕಸಮಾಜವೇ ಎತ್ತಿದೆ. ವೋಲರ್ ಸೋದರರ ಪಿಟೀಲಿಗೂ ಇದಕ್ಕೂ ಇರುವ ಅಂತರವು ಇಲ್ಲಿ ನಿರ್ಣಾಯಕ: ರೆಲಿಕ್ ಗಿಟಾರು ತನ್ನ ಹೆಸರಿನಲ್ಲಿಯೇ ತನ್ನ ಕೃತಕತೆಯನ್ನು ಒಪ್ಪಿಕೊಂಡು ಮಾರಾಟಕ್ಕೆ ಬರುವುದು. ಸವೆಸಿದ ಕತ್ತು ಅಂಗೈಗೆ ಮೊದಲ ದಿನವೇ ಒಗ್ಗುವುದೆಂಬ ಲಾಭವೂ ಉಂಟು. ಹೊಸ ಲ್ಯಾಕರಿನ ಅಂಟು ಅಲ್ಲಿರುವುದಿಲ್ಲ. ಆದರೆ ತೆಳುವಾದ, ಸೀಳಿದ ಬಣ್ಣದಿಂದ ನಾದವೇ ಉತ್ತಮಗೊಳ್ಳುವುದೆಂಬ ವಾದವನ್ನು ನಾನು ಒಪ್ಪಲಾರೆ. ವಿದ್ಯುತ್ ಗಿಟಾರಿನಲ್ಲಿ ನಾದವನ್ನು ಗ್ರಹಿಸುವುದು ತಂತಿಯ ಕೆಳಗಿನ ಆಯಸ್ಕಾಂತದ ಪಿಕಪ್ಪು, ಬಣ್ಣವಲ್ಲ.

ಕುನೆಟ್ಟೋ ಹಳತಾಗಿಸಿದ ಮೊದಲ ಗಿಟಾರುಗಳಿಗೆ ಈಗ ಮೂವತ್ತು ವರ್ಷ ಸಂದಿದೆ. ಅವುಗಳಿಗೆ ಬಳಿದ ನೈಟ್ರೋಸೆಲ್ಯುಲೋಸ್ ತನ್ನ ಧರ್ಮವನ್ನು ಬಿಟ್ಟಿಲ್ಲ. ಅವನು ಎಬ್ಬಿಸಿದ ಬಿರುಕುಗಳ ನಡುವೆ, ಅವನು ಎಬ್ಬಿಸದ ಬಿರುಕುಗಳು ಏಳುತ್ತಿವೆ. ಅವನು ಕೆರೆದು ಬಿಟ್ಟ ಮುಂಗೈಯ ಜಾಗದ ಸುತ್ತ, ಆ ವಾದ್ಯವನ್ನು ಕೊಂಡು ನುಡಿಸುತ್ತ ಬಂದವರ ಮುಂಗೈಗಳು ತಮ್ಮದೇ ಎಲ್ಲೆಯನ್ನು ಮೆಲ್ಲಗೆ ಹಿಗ್ಗಿಸುತ್ತಿವೆ.